ರಟ್ಟಿನ ಕೆಳಗಿನ ಮಣ್ಣು

ಔಷಧದ ಡಬ್ಬಿಯೊಳಗೆ ಮಡಿಕೆ ಮಡಿಕೆಯಾಗಿ ಕೂತಿರುವ ತೆಳು ಕಾಗದವನ್ನು ಯಾರೂ ಓದುವುದಿಲ್ಲ. ಅದನ್ನು ಬರೆಯುವುದು ನನ್ನ ಕೆಲಸ. ತಲೆ ಸುತ್ತಬಹುದು, ಬಾಯಿ ಒಣಗಬಹುದು, ಅಪರೂಪಕ್ಕೆ ಎದೆ ಹೊಡೆದುಕೊಳ್ಳಬಹುದು. ಓದಿದವರಿಗೆ ಅರ್ಥವಾಗಬೇಕು, ಗಾಬರಿಯಾಗಬಾರದು. 'ಆಗುತ್ತದೆ' ಅನ್ನುವ ಕಡೆ 'ಆಗಬಹುದು' ಎಂದು ಬರೆಯುವುದಕ್ಕೇ ನನಗೆ ಸಂಬಳ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಮಾವ ಇನ್ನೂ ಒಂದು ಹೆಜ್ಜೆ ಮುಂದೆ. "ನೀನು ಬರೆದ ಚೀಟಿ ಓದಿದೋನು, ಈ ಮಾತ್ರೆಗಿಂತ ಆ ರೋಗಾನೇ ವಾಸಿ ಅಂತ ಎದ್ದು ಹೋಗ್ತಾನೆ ಕಣಮ್ಮ" ಅನ್ನುತ್ತಿದ್ದರು.

ಆ ಬೆಳಿಗ್ಗೆ ಮಾವ ಹಿತ್ತಲಿನಲ್ಲಿ ಗುದ್ದಲಿಯ ಕಾವಿಗೆ ಹಣೆ ಒತ್ತಿ ಮಂಡಿಯೂರಿ ಕೂತಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡೆ. ಒಲೆಯ ಮೇಲಿನ ಹಾಲನ್ನು ಹಾಗೆಯೇ ಬಿಟ್ಟು ಬರಿಗಾಲಲ್ಲಿ ಓಡಿದೆ.

"ಏನಿಲ್ಲಮ್ಮ, ಇಂಜಿನ್ ಬಿಸಿಯಾಗಿದೆ ಅಷ್ಟೆ. ಸ್ವಲ್ಪ ಹೊತ್ತು ಬಾನೆಟ್ ತೆಗೆದು ನಿಲ್ಲಿಸಿದ್ರೆ ಸರಿಹೋಗುತ್ತೆ" ಎಂದರು. ಆಯಸ್ಸೆಲ್ಲ ಬಸ್ಸು ಓಡಿಸಿದವರು. ತಮ್ಮ ಮೈಯನ್ನೂ ಡಿಪೋದ ಗಾಡಿಯ ಹಾಗೆಯೇ ನೋಡುತ್ತಾರೆ. ಮುಖ ಮಾತ್ರ ಒದ್ದೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅವರ ಎದೆಯ ರಕ್ತನಾಳದಲ್ಲಿ ಆಗಲೇ ಒಂದು ಸ್ಟೆಂಟ್ ಇತ್ತು. ಭಾರ ಎತ್ತಬಾರದು, ನೆಲ ಅಗೆಯಬಾರದು ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಮಾವ ಭಾರ ಎತ್ತುವುದನ್ನು ಬಿಟ್ಟರು, ಅಗೆಯುವುದನ್ನು ಬಿಡಲಿಲ್ಲ. ಅಡುಗೆಮನೆಯ ಬಾಗಿಲಿಗೂ ಕಾಂಪೌಂಡಿಗೂ ನಡುವೆ ಎರಡು ಮಂಚ ಜೋಡಿಸಿದಷ್ಟು ಜಾಗವಿದೆ. ಅದು ನನ್ನ ಗಂಡ ತರಕಾರಿ ಬೆಳೆಯುತ್ತಿದ್ದ ಪಾತಿ. ಅವರು ತೀರಿಕೊಂಡ ಮೇಲೆ ಮಾವ ಅದನ್ನು ಬಿಟ್ಟೂಬಿಡದೆ ಅಗೆಯುತ್ತಿದ್ದರು. ಅಗೆದು, ಹೆಂಟೆ ಒಡೆದು, ಸಮ ಮಾಡಿ, ಗುದ್ದಲಿ ತೊಳೆದು ಗೋಡೆಗೆ ಒರಗಿಸುವುದು. ಒಂದು ಬೀಜ ಹಾಕಿದ್ದನ್ನು ನಾನು ಕಾಣೆ. ಕೇಳಿದರೆ "ಕೈಗೆ ಏನಾದ್ರೂ ಕೆಲಸ ಬೇಕಲ್ಲಮ್ಮ" ಅನ್ನುತ್ತಿದ್ದರು. ವಯಸ್ಸಾದವರ ಚಟ ಎಂದುಕೊಂಡು ನಾನೂ ಸುಮ್ಮನಿದ್ದೆ.

ಆಸ್ಪತ್ರೆಗೆ ಹೋಗಿ ಬಂದು ಮಾವನನ್ನು ಮಲಗಿಸುವ ಹೊತ್ತಿಗೆ ನಾದಿನಿ ಬಂದಿಳಿದಳು. ನನ್ನ ಗಂಡನ ತಂಗಿ. ಬೇರೆ ಊರಿನಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಅವಳ ಕಾರಿನಲ್ಲಿ ಕಲಿಯುವವರಿಗೊಂದು, ಪಕ್ಕದಲ್ಲಿ ಕೂರುವ ಅವಳಿಗೊಂದು, ಎರಡು ಬ್ರೇಕ್. ಮನೆಯವರ ವಿಷಯದಲ್ಲೂ ಹಾಗೆಯೇ. ನಾವು ಯಾರು ಎತ್ತ ಹೊರಟರೂ ಅವಳ ಕಾಲು ಆ ಎರಡನೇ ಬ್ರೇಕಿನ ಮೇಲೆ ಸಿದ್ಧವಾಗಿರುತ್ತದೆ.

ಅಪ್ಪನ ಹಣೆ ಮುಟ್ಟಿ ನೋಡಿ, ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಉಕ್ಕಿ ಹೊತ್ತಿದ ಹಾಲಿನ ಪಾತ್ರೆಯನ್ನು ನಾನು ಕೆರೆಯುತ್ತಿದ್ದೆ.

"ಅತ್ತಿಗೆ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೆಳಗಾದ್ರೆ ನೀವು ಆಫೀಸಿಗೆ ಹೋಗ್ತೀರಿ. ಅಪ್ಪನ್ನ ಹಿಡಿದು ಕೂರಿಸೋರು ಯಾರು?"

"ನಾನು ನೋಡ್ಕೋತೀನಿ."

"ನೋಡ್ಕೊಂಡ್ರಲ್ಲ, ಇವತ್ತು" ಎಂದವಳು ನನ್ನ ಮುಖ ನೋಡಿ ದನಿ ಇಳಿಸಿದಳು. "ನಮ್ಮದು ಏಳನೇ ಮಹಡಿ. ಅಲ್ಲಿ ಅಗೀಬೇಕು ಅಂದ್ರೆ ಆರನೇ ಮಹಡಿಯವರ ತಲೆ ಮೇಲೇ ಅಗೀಬೇಕು."

ಇಬ್ಬರಿಗೂ ನಗು ಬಂತು. ನಗು ಮುಗಿಯುವ ಮೊದಲೇ ಅವಳು ಹೇಳಿದಳು: "ಇನ್ನೊಂದು ಸಲ ಗುದ್ದಲಿ ಮುಟ್ಟಿದ್ರು ಅಂತ ಗೊತ್ತಾದ್ರೆ ಕರ್ಕೊಂಡು ಹೋಗಿಬಿಡ್ತೀನಿ. ನಿಮಗೂ ಒಂದು ಬದುಕು ಅಂತ ಇದೆ ಅತ್ತಿಗೆ. ಎಷ್ಟು ದಿನ ಅಂತ ನಮ್ಮಪ್ಪನ್ನ ಕಾಯ್ತಾ ಕೂರ್ತೀರಿ?"

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ನನಗೆ ಭಯವಾಯಿತು. ಜಗಳ ಮಾಡಿದ್ದರೆ ಉತ್ತರ ಕೊಡಬಹುದಿತ್ತು. 'ನಮ್ಮಪ್ಪ' ಎಂಬ ಮಾತು ಪಾತ್ರೆ ಉಜ್ಜುವ ನಾರಿನ ಜೊತೆ ಕೈಯಲ್ಲೇ ಸಿಕ್ಕಿಕೊಂಡಿತು. ಸರಿಯೇ, ಅವಳಪ್ಪ. ನನಗೆ ಅವರು ಮಗನ ದಾರಿಯಿಂದ ಬಂದ ನಂಟು. ಆ ದಾರಿ ಮುಚ್ಚಿಹೋದ ಮೇಲೆ ನಾನು ಯಾವ ಬಾಯಿಂದ ಅವರನ್ನು ಇಟ್ಟುಕೊಳ್ಳುತ್ತೇನೆ ಅನ್ನಲಿ?

ಆದರೆ ನನಗೆ ಅವರು ಬೇಕಿದ್ದರು. ಊಟದ ನಡುವೆ 'ಇದು ಅವರಿಗೆ ಸೇರ್ತಿರಲಿಲ್ಲ ಅಲ್ವಾ' ಎಂದು, ಅವರು ಅಂದರೆ ಯಾರು ಎಂದು ವಿವರಿಸದೆ ಹೇಳಬಹುದಾದವರು ಈ ಭೂಮಿಯ ಮೇಲೆ ಮಾವ ಒಬ್ಬರೇ. ಬಿಸಿ ಲೋಟವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ದಾಟಿಸುತ್ತ ಕುಡಿಯುವುದು, ಬಾಗಿಲಲ್ಲಿ ಒಂದು ಚಪ್ಪಲಿಯ ಮೇಲೆ ಇನ್ನೊಂದನ್ನು ಬಿಡುವುದು, ಸೀನುವ ಮುಂಚೆ 'ತಡಿ' ಎನ್ನುವಂತೆ ಒಂದು ಬೆರಳೆತ್ತುವುದು, ಎಲ್ಲ ನನ್ನ ಗಂಡನ ಅಭ್ಯಾಸಗಳು, ಅಪ್ಪನಿಂದ ಬಂದವು. ಮಾವ ಇರುವವರೆಗೆ ಅವು ಆ ಮನೆಯಲ್ಲಿ ಓಡಾಡಿಕೊಂಡಿರುತ್ತಿದ್ದವು. ನಾದಿನಿಗೆ ಮಾತ್ರ "ಇನ್ನು ಮುಟ್ಟದ ಹಾಗೆ ಮಾಡ್ತೀನಿ" ಎಂದಷ್ಟೇ ಹೇಳಿದೆ.

ಹೇಗೆ ಮಾಡುವುದು ಎಂದು ಗೊತ್ತಿರಲಿಲ್ಲ. ಗುದ್ದಲಿಯನ್ನು ಎದುರುಮನೆಯವರ ಶೆಡ್ಡಿಗೆ ದಾಟಿಸಿದೆ. ಆದರೆ ಬಸ್ಸು ಓಡಿಸಿದ ಕೈ, ಗುದ್ದಲಿ ಇಲ್ಲದಿದ್ದರೆ ಅಡುಗೆಮನೆಯ ಸಟ್ಟುಗವನ್ನಾದರೂ ಹಿಡಿದು ಹೊರಟೀತು ಅನ್ನಿಸಿತು. ಆಗ ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ತನ್ನ ತೋಟದಲ್ಲಿ ನಿಂತು, ನೆಲವನ್ನು ಅಗೆಯಲೇಬೇಕಾಗಿಲ್ಲ ಎಂದು ಹೇಳುತ್ತಿದ್ದಳು. ಅಗೆದರೆ ಮಣ್ಣಿನೊಳಗಿನ ಜೀವಕ್ಕೆ ಪೆಟ್ಟು. ನೆಲದ ಮೇಲೆ ರಟ್ಟು ಹಾಸಿ ನೆನೆಸಿ, ಅದರ ಮೇಲೆ ಕಾಂಪೋಸ್ಟ್ ಗೊಬ್ಬರ ದಪ್ಪಗೆ ಹರವಿ, ಒಣ ಎಲೆಯ ಹೊದಿಕೆ ಹಾಕಿದರೆ ಸಾಕು. ಕತ್ತಲೆಯಲ್ಲಿ ಕಳೆ ಸಾಯುತ್ತದೆ, ರಟ್ಟು ತಾನೇ ಕೊಳೆಯುತ್ತದೆ, ಮಿಕ್ಕಿದ್ದನ್ನು ಎರೆಹುಳುಗಳು ನೋಡಿಕೊಳ್ಳುತ್ತವೆ. ನಾವು ಮಾಡಬೇಕಾದ ದೊಡ್ಡ ಕೆಲಸವೆಂದರೆ ಏನೂ ಮಾಡದಿರುವುದು.

ತರಕಾರಿಯ ಬಗ್ಗೆ ಅವಳು ಹೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಅಗೆಯಬೇಕಾಗಿಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡೆ.

ನಮ್ಮ ಆಫೀಸಿನಲ್ಲಿ ರಟ್ಟಿಗೆ ಬರವಿಲ್ಲ. ಔಷಧ ಬರುವ ಖಾಲಿ ಪೆಟ್ಟಿಗೆಗಳನ್ನು ದಿನಕ್ಕಿಷ್ಟು ಎಂದು ಮನೆಗೆ ಹೊತ್ತು ತಂದೆ. ಅವುಗಳ ಮೇಲಿನ ಟೇಪು, ಚೀಟಿ, ಪಿನ್ನು ಕೀಳುವ ಕೆಲಸವನ್ನು ಮಾವನಿಗೆ ಕೊಟ್ಟೆ. ಅವರು ಮುಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದೇ ಟೇಪನ್ನು ಹರಿಯದಂತೆ ಎಳೆಯುತ್ತಿದ್ದರು.

"ಇದು ಮಲಬದ್ಧತೆ ಔಷಧದ ಪೆಟ್ಟಿಗೆ ಕಣಮ್ಮ. ಇದನ್ನ ಹಾಸಿದ್ರೆ ಗಿಡ ಸರಾಗವಾಗಿ ಬರುತ್ತೆ ಬಿಡು."

"ಮಾವ!"

"ಇನ್ನೊಂದು ನಿದ್ದೆ ಮಾತ್ರೇದು. ಅದನ್ನ ಕಳೆ ಇರೋ ಕಡೆ ಹಾಕು, ಏಳೋದೇ ಬೇಡ."

ಎಲೆ ಬೇಕಿತ್ತು. ನಮ್ಮ ಬೀದಿಯ ಮರಗಳು ಆಗ ಎಲೆ ಉದುರಿಸುತ್ತಿದ್ದವು. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಪೊರಕೆ, ಗೋಣಿಚೀಲ ಹಿಡಿದು ಫುಟ್‌ಪಾತು ಗುಡಿಸುತ್ತಿದ್ದೆ. ಒಂದು ದಿನ ನಮ್ಮ ವಿಭಾಗದವಳೇ ಒಬ್ಬಳು ಸ್ಕೂಟರ್ ನಿಲ್ಲಿಸಿ, ತುಂಬ ಮೆಲ್ಲಗೆ, "ಯಾಕೆ, ಕೆಲಸ ಬಿಟ್ಟುಬಿಟ್ಯಾ?" ಎಂದು ಕೇಳಿದಳು. ನಾಚಿಕೆಯಾಯಿತು. ಆದರೂ ಮರುದಿನ ಮತ್ತೆ ಹೋದೆ.

ರಟ್ಟು ಹಾಸಿದ ದಿನ ಮಾವ ಅಡುಗೆಮನೆಯ ಹೊಸಿಲ ಮೇಲೆ ನಿಂತಿದ್ದರು. ನಾನು ಒಂದು ರಟ್ಟಿನ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುತ್ತ ಹೋಗುತ್ತಿದ್ದೆ.

"ಪೂರ್ತಿ ಮುಚ್ತೀಯಾ?" ಎಂದರು.

"ಹೂಂ ಮಾವ. ಎಲ್ಲೂ ಬೆಳಕು ಹೋಗಬಾರದಂತೆ."

"ಆ ಮೂಲೇಲೂ?"

"ಮೂಲೇಲಿ ಬಿಟ್ರೆ ಅಲ್ಲಿಂದಾನೇ ಕಳೆ ನುಗ್ಗುತ್ತಂತೆ."

ಆಮೇಲೆ ಅವರೇ ನಲ್ಲಿಯಿಂದ ಸಣ್ಣ ಕ್ಯಾನಿನಲ್ಲಿ ನೀರು ತಂದು ರಟ್ಟಿನ ಮೇಲೆ ಚಿಮುಕಿಸತೊಡಗಿದರು. ಒಣ ರಟ್ಟು ನೀರು ಕುಡಿದು ಕಪ್ಪಾಗುತ್ತ ಹೋಯಿತು. ಅದರ ಮೇಲೆ ನಾನು ನರ್ಸರಿಯಿಂದ ತಂದ ಗೊಬ್ಬರ ಸುರಿದು ಹರವಿದೆ, ಅದರ ಮೇಲೆ ಎಲೆ. "ನೆಲಕ್ಕೆ ಕಂಬಳಿ ಹೊದಿಸಿ ಮಲಗಿಸ್ತಿದ್ದೀಯಲ್ಲ, ಜ್ವರ ಬಂದಿದೆಯಾ ಅದಕ್ಕೆ?" ಎಂದರು ಮಾವ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಕ್ಕರೋ ಇಲ್ಲವೋ ನೋಡಲಿಲ್ಲ. ಎಲ್ಲವನ್ನೂ ಎವೆಯಿಕ್ಕದೆ ನೋಡುವ ನಾನು ಅದೊಂದನ್ನು ನೋಡಲಿಲ್ಲ.

ಹೊದಿಕೆಯನ್ನು ಅಲ್ಲಲ್ಲಿ ಸರಿಸಿ, ಗೊಬ್ಬರದಲ್ಲಿ ಬೀನ್ಸ್ ಸಸಿ ನೆಟ್ಟೆ. ಬೇಗನೆ ಕಚ್ಚಿಕೊಂಡವು. ನಾನು ದಿನಾ ಬೆಳಿಗ್ಗೆ ಅವುಗಳನ್ನು ನೋಡಿ, ಆಮೇಲೆ ಮಾವನ ಮುಖ ನೋಡಿ, ಆಮೇಲೆ ಆಫೀಸಿಗೆ ಹೋಗುತ್ತಿದ್ದೆ. 'ಮುಟ್ಟಿಲ್ಲ' ಎಂದು ನಾದಿನಿಗೆ ಮೆಸೇಜು. ಅವಳಿಂದ ಎತ್ತಿದ ಹೆಬ್ಬೆರಳು. ಡಾಕ್ಟರು ರಕ್ತದೊತ್ತಡ ಚೆನ್ನಾಗಿದೆ ಎಂದರು. ಗೆದ್ದೆ ಅಂದುಕೊಂಡೆ.

ಆದರೆ ಬೆಳಗಿನ ಹೊತ್ತು ಬೇರೆಯಾಯಿತು. ಮೊದಲ ಬಸ್ಸು ತೆಗೆಯುವವರ ಅಭ್ಯಾಸ. ಮಾವ ಕತ್ತಲಿರುವಾಗಲೇ ಏಳುತ್ತಾರೆ. ಎದ್ದು ಹಿತ್ತಲ ಬಾಗಿಲು ತೆಗೆದು, ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲುತ್ತಿದ್ದರು, ಬಸ್ಸು ತಪ್ಪಿಸಿಕೊಂಡವರು ಸ್ಟಾಪಿನಲ್ಲಿ ನಿಂತ ಹಾಗೆ. ಆಮೇಲೆ ಹಿಂದಿರುಗಿ ಹಾಸಿಗೆಗೆ ಹೋಗುತ್ತಿದ್ದರು. ಎದ್ದವರು ಮತ್ತೆ ಮಲಗಿದ್ದನ್ನು ನಾನು ಆ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ಅನ್ನ ಅರ್ಧ ಬಿಡುತ್ತಿದ್ದರು. ತಮಾಷೆ ಕಡಿಮೆಯಾಯಿತು. 'ಅವನ ಪಾತಿ' ಅನ್ನುತ್ತಿದ್ದವರು ಒಂದು ದಿನ ಫೋನಿನಲ್ಲಿ, "ನಿನ್ನ ಪಾತಿಗೆ ನೀರು ಹಾಕಿದ್ದೀನಿ ಕಣಮ್ಮ" ಎಂದರು. ಕೇಳಿದ ಕೂಡಲೇ ಚುಚ್ಚಿತು. ನನಗೆ ಪಾತಿ ಕೊಟ್ಟರಲ್ಲ ಎಂದು ಸಂತೋಷಪಡಬೇಕೋ, ಅದನ್ನು ತಾವು ಬಿಟ್ಟರಲ್ಲ ಎಂದು ಹೆದರಬೇಕೋ ತಿಳಿಯಲಿಲ್ಲ. ಹೆದರಿದೆ. ಅದು ನನಗೆ ಹೆಚ್ಚು ರೂಢಿ.

ಮೊದಲ ಬೀನ್ಸ್ ಕೊಯ್ದು ಪಲ್ಯ ಮಾಡಿದ ದಿನ ಮಾವ ತಟ್ಟೆಯಲ್ಲಿ ಬೆರಳಾಡಿಸುತ್ತ, "ಎಳೇದು. ಚೆನ್ನಾಗಿದೆ" ಎಂದರು. ಮತ್ತೆ, ತಲೆಯೆತ್ತದೆ, "ಮಗಳ ಮನೆಗೆ ಹೋಗ್ತೀನಿ ಕಣಮ್ಮ. ನಾನೇ ಫೋನ್ ಮಾಡಿ ಹೇಳಿದೆ. ಭಾನುವಾರ ಬರ್ತಾಳೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. "ಗುದ್ದಲಿ ಮುಟ್ಟೇ ಇಲ್ವಲ್ಲ ಮಾವ, ನೀವು!"

"ಅವಳು ಕರೆದಿದ್ದಲ್ಲಮ್ಮ. ನಾನೇ ಹೊರಟಿದ್ದು."

"ಎಷ್ಟು ದಿನಕ್ಕೆ?"

"ನೋಡೋಣ."

ನನ್ನ ಕಸುಬಿನವರಿಗೆ ಇಂಥ ಮಾತುಗಳ ಗುಟ್ಟು ಗೊತ್ತು. 'ನೋಡೋಣ' ಅಂದರೆ ಇನ್ನು ಬರುವುದಿಲ್ಲ ಅನ್ನುವುದಕ್ಕೆ ಅಂಗಿ ತೊಡಿಸಿದ್ದು.

ಭಾನುವಾರ ಬೆಳಿಗ್ಗೆ ಅವರ ಬ್ಯಾಗು ಬಾಗಿಲ ಬಳಿ ಬಂದು ಕೂತಿತ್ತು. ಮಾವ ಇಸ್ತ್ರಿ ಅಂಗಿ ತೊಟ್ಟು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕಾಫಿ ಕೊಟ್ಟು ಪಕ್ಕದಲ್ಲೇ ಕೂತೆ. ಮದುವೆಯಾಗಿ ಬಂದಾಗಿನಿಂದ ಅವರ ಪಕ್ಕ ಹಾಗೆ ಕೂತಿರಲಿಲ್ಲ.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಮಾವ?"

"ಛೆ ಛೆ. ನಿನ್ನಿಂದ ಏನು ತಪ್ಪು?"

"ಹಾಗಾದ್ರೆ ಯಾಕೆ?"

ಲೋಟ ಎಡಗೈಯಿಂದ ಬಲಗೈಗೆ ಹೋಯಿತು. "ಇಲ್ಲಿ ನನಗೆ ಕೆಲಸ ಇಲ್ವಲ್ಲಮ್ಮ."

"ಕೆಲಸ ಮಾಡಿ ಅಂತ ಯಾರು ಹೇಳಿದ್ರು? ಆರಾಮಾಗಿ ಇರಿ ಅಂತಾನೇ ಅಲ್ವಾ ನಾನು ಇಷ್ಟೆಲ್ಲ..."

"ಅವನು ಹೋದ ಹಿಂದಿನ ಸಂಜೆ ಇದನ್ನ ಅಗೆದಿದ್ದ. ನೆನಪಿದೆಯಾ?"

ನೆನಪಿತ್ತು. ಪ್ಯಾಂಟಿನ ಮಂಡಿಗೆ ಕೆಸರು ಮೆತ್ತಿಕೊಂಡು ಒಳಗೆ ಬಂದಿದ್ದರು. ಮರುದಿನ ಮಧ್ಯಾಹ್ನ ಅವರ ಆಫೀಸಿನಿಂದ ಫೋನು ಬಂದಾಗ ಆ ಪ್ಯಾಂಟು ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

"ಬೆಳಿಗ್ಗೆ ಎದ್ದು ಬೀಜ ಹಾಕೋಣ ಅಪ್ಪಾ ಅಂದ. ಬೆಳಿಗ್ಗೆ ಹೊತ್ತಾಯ್ತು. ಸಂಜೆ ಬಂದು ಹಾಕೋಣ ಅಂದು ಹೋದ." ಮಾವ ಎಲೆಯ ಹೊದಿಕೆಯನ್ನು ನೋಡುತ್ತ ಹೇಳುತ್ತಿದ್ದರು. "ಎಲ್ಲ ಮುಗಿಸ್ಕೊಂಡು ಮನೆಗೆ ಬಂದ್ವಲ್ಲ, ಅವತ್ತು ನಾನು ಇಲ್ಲಿ ಬಂದು ನಿಂತೆ. ಮಣ್ಣು ಹಾಗೇ ಇತ್ತು ಕಣಮ್ಮ. ಪುಡಿಪುಡಿ. ಆಗಷ್ಟೇ ಅಗೆದು ಕೈ ತೊಳೆಯೋಕೆ ಅಂತ ನಲ್ಲಿ ಹತ್ರ ಹೋಗಿದ್ದಾನೆ ಅನ್ನೋ ಹಾಗೆ. ಆಮೇಲೆ ಒಂದು ಮಳೆ ಬಂತು. ಮೇಲೆ ಹೆಪ್ಪುಗಟ್ಟಿಬಿಡ್ತು. ನನ್ನ ಕೈಲಿ ನೋಡೋಕಾಗಲಿಲ್ಲ. ಗುದ್ದಲಿ ತಗೊಂಡೆ."

ಮಾವ ಲೋಟ ಕೆಳಗಿಟ್ಟರು.

"ಅಗೆದ ಮೇಲೆ ಸ್ವಲ್ಪ ಹೊತ್ತು... ಜಾಸ್ತಿ ಇಲ್ಲ, ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು, ಅವನು ಇಲ್ಲೇ ಇದ್ದಾನೆ ಅನ್ಸೋದು. ಗಟ್ಟಿಯಾಗೋಕೆ ಬಿಡಬಾರದು ಅಷ್ಟೆ. ಅದಕ್ಕೇ ಬೀಜ ಹಾಕಲಿಲ್ಲ. ಹಾಕಿದ್ರೆ ಮುಗೀತಲ್ಲ."

"ನಾನು ರಟ್ಟು ಹಾಸುವಾಗ ಯಾಕೆ ಹೇಳಲಿಲ್ಲ ಮಾವ? ಒಂದು ಮಾತು ಬೇಡ ಅಂದಿದ್ರೆ..."

"ನೀನು ಬೀದಿ ಗುಡಿಸಿ ಎಲೆ ತಂದಿದ್ದೆ. ಅವನು ಹೋದ ಮೇಲೆ ನೀನು ಅಷ್ಟು ಹುರುಪಾಗಿದ್ದನ್ನ ನಾನು ನೋಡೇ ಇರಲಿಲ್ಲ. ಹೋದೋನಿಗೋಸ್ಕರ ಇರೋಳ ಕೈ ಹಿಡಿಯೋಕಾಗುತ್ತಾ?"

ಅವರು ಅಗೆಯುವುದನ್ನು ನಾನು ನಿಲ್ಲಿಸಿದ್ದು ಅವರು ಇಲ್ಲಿಂದ ಹೋಗದಿರಲಿ ಎಂದು. ಅವರು ಇಲ್ಲಿ ಇದ್ದದ್ದೇ ಅಗೆಯುವುದಕ್ಕಾಗಿ. ಇದನ್ನು ಅರ್ಥ ಮಾಡಿಕೊಳ್ಳುತ್ತ ಕೂತಾಗ, ಯಾರಿಗೂ ಹೇಳದಿದ್ದ ಮಾತೊಂದು ನನ್ನ ಬಾಯಿಂದಲೂ ಹೊರಬಿತ್ತು.

"ನಿಮ್ಮ ಗುದ್ದಲಿ ಸದ್ದಿಗೇ ನನಗೆ ಎಚ್ಚರ ಆಗ್ತಿತ್ತು ಮಾವ. ಕಣ್ಣು ಬಿಡೋಕೆ ಮುಂಚೆ, ಒಂದೇ ಒಂದು ಕ್ಷಣ, ಅವರೇ ಹಿತ್ತಲಲ್ಲಿ ಇದ್ದಾರೆ ಅಂದ್ಕೋತಿದ್ದೆ. ಆಮೇಲೆ ನೆನಪಾ‌ಗೋದು. ಈಗ ಆ ಒಂದು ಕ್ಷಣಾನೂ ಇಲ್ಲ."

ಮಾವ ನನ್ನ ಕಡೆ ತಿರುಗಿದರು. ಇಬ್ಬರೂ ಒಂದೇ ಗಂಟನ್ನು ಬೇರೆ ಬೇರೆ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದೆವು. ಅದನ್ನು ರಟ್ಟು ಹಾಸಿ ಮುಚ್ಚಿದವಳು ನಾನೇ.

ಕುಳಿತಿರಲಾಗಲಿಲ್ಲ. ಎದ್ದು ಹೋಗಿ ಎಲೆಗಳನ್ನು ಎರಡೂ ಕೈಯಿಂದ ಸರಿಸಿದೆ. ಗೊಬ್ಬರ ಬದಿಗೆ ತಳ್ಳಿದೆ. ರಟ್ಟು ನೆನೆದ ಕಾಗದದ ಹಾಗೆ ಕೈಗೆ ಬಂತು. ಕೆಳಗೆ ಗಟ್ಟಿ ನೆಲ ಸಿಗುತ್ತದೆ, ಅದನ್ನಾದರೂ ಅವರಿಗೆ ಒಪ್ಪಿಸಿಬಿಡೋಣ ಎಂದಿದ್ದೆ. ಆದರೆ ಬೆರಳು ಒತ್ತಿದರೆ ಕೈ ಮಣಿಕಟ್ಟಿನವರೆಗೆ ಇಳಿಯಿತು. ಮಣ್ಣು ಕಪ್ಪಗೆ, ತಣ್ಣಗೆ, ಉದುರುದುರಾಗಿತ್ತು. ಎರೆಹುಳುವೊಂದು ಬೆಳಕಿಗೆ ಬೇಸರಪಟ್ಟುಕೊಂಡು ಒಳಗೆ ಜಾರಿತು.

"ಮಾವ! ಬನ್ನಿ ಇಲ್ಲಿ! ಯಾರೂ ಅಗೆದಿಲ್ಲ, ನೋಡಿ, ಎಷ್ಟು ಮೆತ್ತಗಿದೆ!"

ಅವರು ಗೋಡೆ ಹಿಡಿದು ನಿಧಾನವಾಗಿ ಬಂದು ಕುಕ್ಕರಗಾಲಲ್ಲಿ ಕೂತರು. ಇಸ್ತ್ರಿ ಅಂಗಿಯ ತೋಳು ಮಡಿಚದೆಯೇ ಕೈ ಇಳಿಸಿದರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಇಷ್ಟರಿಂದ ಎಲ್ಲ ಸರಿಹೋದೀತು ಎಂದು ನಾನು ಅವರ ಮುಖವನ್ನೇ ಕಾಯುತ್ತಿದ್ದೆ.

"ಚೆನ್ನಾಗಿದೆ" ಎಂದರು ಕೊನೆಗೆ. "ನಿನ್ನ ವಿಡಿಯೋದವಳು ಸುಳ್ಳು ಹೇಳಿಲ್ಲ. ಆದ್ರೆ ಇದು ಅವನು ಅಗೆದ ಹಾಗಿಲ್ಲ ಕಣಮ್ಮ. ಇದು ಹುಳಗಳ ಕೈ."

ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೇಳಿತು. ಎರಡು ಸಲ, ಚಿಕ್ಕದಾಗಿ. ನಾದಿನಿಯದೇ.

ಮಾವ ಏಳಲು ಮಂಡಿಗೆ ಕೈ ಕೊಟ್ಟರು. "ಕೂತಿರಿ" ಎಂದೆ. ಒಳಗೆ ಓಡಿ ತರಕಾರಿ ಹೆಚ್ಚುವ ಚಾಕು ತಂದೆ. ರಟ್ಟು ಹಾಸಿದ ದಿನ ಮಾವ ಕೇಳಿದ್ದ ಆ ಮೂಲೆಯಲ್ಲಿ ಒಂದು ಮೊಳ ಅಗಲಕ್ಕೆ ರಟ್ಟನ್ನು ಚೌಕವಾಗಿ ಕೊಯ್ದೆ. ಮೇಲಿದ್ದ ಗೊಬ್ಬರ, ಎಲೆ ಎಲ್ಲ ಬಾಚಿ ಆಚೆಗೆ ಹಾಕಿದೆ. ಕಾಯಿ ಹಿಡಿದಿದ್ದ ಒಂದು ಬೀನ್ಸ್ ಗಿಡ ಅಡ್ಡವಿತ್ತು, ಅದನ್ನೂ ಕಿತ್ತೆ.

"ಇಷ್ಟು ನಿಮ್ಮದು. ಇದರಲ್ಲಿ ನಾನು ಏನೂ ಹಾಕಲ್ಲ. ನೀವೂ ಹಾಕಬೇಡಿ. ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಹಿಡಿಯೋ ಸಣ್ಣ ಗುದ್ದಲಿ ತಂದುಕೊಡ್ತೀನಿ, ಅದರಲ್ಲಿ. ನಿಧಾನಕ್ಕೆ."

"ಡಾಕ್ಟ್ರು?"

"ಅವರಿಗೆ ನಾನು ಹೇಳ್ತೀನಿ."

"ನಿನ್ನ ಟೋಪಿಯವಳು? ಅಗೀಲೇಬಾರದು ಅಂತಾಳಲ್ಲ."

"ಅವಳಿಗೇನು ಗೊತ್ತು ಮಾವ. ಅವಳ ಗಂಡ ಎದುರಿಗೇ ನಿಂತು ವಿಡಿಯೋ ತೆಗೀತಿರ್ತಾನೆ."

ಮಾವ ತಲೆ ತಗ್ಗಿಸಿದರು. ನಗುತ್ತಿದ್ದರೋ ಅಳುತ್ತಿದ್ದರೋ ಭುಜ ನೋಡಿದರೆ ತಿಳಿಯುವಂತಿರಲಿಲ್ಲ.

"ಇರಿ ಮಾವ" ಎಂದೆ. "ನನಗೆ ನೀವು ಬೇಕು."

ಅವರು ಆ ಚೌಕದಲ್ಲಿ ಒಂದು ಹೆಂಟೆಯನ್ನು ಎತ್ತಿ, ಎರಡು ಬೆರಳ ನಡುವೆ ಇಟ್ಟು ಪುಡಿ ಮಾಡಿದರು.

ನಾದಿನಿ ಕೀಲಿಗೊಂಚಲು ತಿರುಗಿಸುತ್ತ ಅಡುಗೆಮನೆ ದಾಟಿ ಬಂದವಳು ಹೊಸಿಲ ಮೇಲೆಯೇ ನಿಂತುಬಿಟ್ಟಳು. "ಅಪ್ಪಾ! ಏನಿದು? ಅತ್ತಿಗೆ, ನಾನು ಹೇಳಿದ್ದೇನು, ಇಲ್ಲಿ ಆಗ್ತಿರೋದೇನು?"

"ನಾನೇ ಕೊಟ್ಟೆ" ಎಂದೆ. ನನ್ನ ಕೈಯಲ್ಲಿ ಇನ್ನೂ ಚಾಕು ಇತ್ತು, ಮೊಣಕೈವರೆಗೆ ಮಣ್ಣು.

"ಏನಾದ್ರೂ ಆದ್ರೆ?"

"ಆಗಬಹುದು." ಚಾಕು ಕೆಳಗಿಟ್ಟೆ. "ಏಳನೇ ಮಹಡೀಲೂ ಆಗಬಹುದು. ಇಲ್ಲಿ ಆದ್ರೆ ನಾನು ಓಡಿ ಬರ್ತೀನಿ. ಇನ್ಮೇಲೆ ಬೆಳಿಗ್ಗೆ ಅವರು ಒಳಗೆ ಬರೋತನಕ ನಾನು ಮನೆ ಬಿಡಲ್ಲ. ಆಫೀಸಿಗೆ ತಡವಾಗಿ ಹೋಗ್ತೀನಿ."

"ಟ್ರಿಪ್ ಕ್ಯಾನ್ಸಲ್ ಕಣೇ" ಎಂದರು ಮಾವ, ಮಣ್ಣಿನಿಂದ ಕಣ್ಣೆತ್ತದೆ. "ಸುಮ್ಮನೆ ಅಷ್ಟು ದೂರ ಬಂದೆ. ನಿಮ್ಮಣ್ಣ ಸಂಜೆ ಬಂದು ಬೀಜ ಹಾಕೋಣ ಅಂದಿದ್ದ. ನಾನು ಹೋದ್ರೆ ಜಾಗ ಯಾರು ನೋಡ್ಕೋತಾರೆ?"

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಆ ಚೌಕವನ್ನು ನೋಡಿದಳು. ಅವಳಿಗೂ ಒಬ್ಬ ಅಣ್ಣ ಇದ್ದ ಎಂಬುದನ್ನು ನಾನು ಎಷ್ಟೋ ದಿನದಿಂದ ಮರೆತೇಬಿಟ್ಟಿದ್ದೆ. ಬರಿಗಾಲಲ್ಲೇ ಕೆಳಗಿಳಿದು ಬಂದಳು. ಮಣ್ಣು ಮುಟ್ಟಲಿಲ್ಲ. ಅಪ್ಪನ ಬೆನ್ನ ಮೇಲೆ ಅಂಗೈ ಇಟ್ಟು, ಉಸಿರು ಏರಿಳಿಯುವುದನ್ನು ನೋಡುತ್ತ ಕೂತಳು.

"ದಿನಾ ಬೇಡ" ಎಂದಳು ಬಹಳ ಹೊತ್ತಿನ ಮೇಲೆ. "ವಾರಕ್ಕೆ ಎರಡು ಸಲ."

"ನಾಲ್ಕು."

"ಅಪ್ಪಾ, ಇದೇನು ಸಂತೆ ಚೌಕಾಸೀನಾ?"

"ಸರಿ, ಮೂರು. ಹತ್ತಿ ಹತ್ತಿ, ಬಸ್ ಹೊರಡ್ತು."

ಅವಳು ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀವು ಸಾಧು ಅಂದ್ಕೊಂಡಿದ್ದೆ ಅತ್ತಿಗೆ. ಚಾಕು ಹಿಡಿದು ಮಾವನ್ನ ಉಳಿಸ್ಕೊಂಡ್ರಲ್ಲ!" ಊಟ ಮಾಡಿ, ಕಿತ್ತ ಗಿಡದ ಕಾಯಿಗಳನ್ನೆಲ್ಲ ಬಿಡಿಸಿಕೊಂಡು, ಹೋಗುವಾಗ ಗೇಟಿನ ಬಳಿ ನನ್ನನ್ನು ಒಂದು ಕ್ಷಣ ಗಟ್ಟಿಯಾಗಿ ಹಿಡಿದುಕೊಂಡು ಬಿಟ್ಟಳು.

ಅವಳ ಕಾರು ಹೋದ ಮೇಲೆ ಮಾವ ಮುಂದಿನ ಕೋಣೆಯ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ನಾನು ಬಾಗಿಲ ಬಳಿಯ ಬ್ಯಾಗನ್ನು ಅವರ ಕೋಣೆಗೆ ತಂದು ಬಿಚ್ಚಿದೆ. ಅಂಗಿಗಳು, ಪಂಚೆ, ಟವೆಲ್ಲು, ಗಡ್ಡದ ಸಾಮಾನು, ಮಾತ್ರೆಯ ಡಬ್ಬಿ. ಒಂದೊಂದನ್ನೇ ಕಪಾಟಿಗೆ ಸೇರಿಸುತ್ತ, ತಳದಲ್ಲಿ ಇನ್ನೇನೋ ಇರುತ್ತದೆ ಎಂದು ಕೈ ಆಡಿಸುತ್ತಿದ್ದೆ. ಏನೂ ಇರಲಿಲ್ಲ. ಆಗ ತಲೆಯೆತ್ತಿ ಕೋಣೆಯನ್ನು ನೋಡಿದೆ. ನನ್ನ ಗಂಡ ಶಾಲೆಯ ಸಮವಸ್ತ್ರದಲ್ಲಿ ನಿಂತ ಫೋಟೋ ಮೇಜಿನ ಮೇಲೆಯೇ ಇತ್ತು. ಅವರ ಕೈಗಡಿಯಾರ ಅದರ ಮುಂದೆ. ಚಳಿ ಬಿದ್ದರೆ ಮಾವ ಕತ್ತಿಗೆ ಸುತ್ತಿಕೊಳ್ಳುವ ಮಫ್ಲರು, ಅದೂ ನನ್ನ ಗಂಡನದೇ, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಮತ್ತೆ ಬರುವುದಿಲ್ಲ ಎಂದು ಹೊರಟವರು ಮಗನದು ಎನ್ನುವ ಒಂದನ್ನೂ ಕಟ್ಟಿಕೊಂಡಿರಲಿಲ್ಲ. ಅಷ್ಟನ್ನೂ ನನಗೇ ಬಿಟ್ಟು ಹೊರಟಿದ್ದರು.

ಮಫ್ಲರನ್ನು ಮೊಳೆಯಿಂದ ತೆಗೆದು ಮುಖಕ್ಕೆ ಒತ್ತಿಕೊಂಡೆ. ಎಷ್ಟು ಎಳೆದು ಉಸಿರು ತೆಗೆದುಕೊಂಡರೂ ಅದರಲ್ಲಿ ಮಾವನ ವಾಸನೆ ಮಾತ್ರ ಇತ್ತು. ತಲೆಗೆ ಹಚ್ಚುವ ಎಣ್ಣೆ, ಸೋಪು. ಅದರ ಕೆಳಗೆ ಎಲ್ಲೋ ಇನ್ನೊಂದು ಇದ್ದೀತು ಎಂದು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದೆ. ಆಮೇಲೆ ಅದನ್ನು ಅದೇ ಮೊಳೆಗೆ, ಅದೇ ಮಡಿಕೆಯಲ್ಲಿ, ತೂಗುಹಾಕಿದೆ.